ಹವ್ಯಾಸಿ ಚರ್ಮಗೆಲಸ

ಹವ್ಯಾಸಿ ಚರ್ಮಗೆಲಸ ಎಂದರೆ ಜೀವನೋಪಾಯಕ್ಕಾಗಿ ಅಲ್ಲದೆ ಆಸಕ್ತಿಯಿಂದ, ಹದಮಾಡಿದ ಚರ್ಮವನ್ನು ಕತ್ತರಿಸಿ, ಹೊಲಿದು, ಅಚ್ಚೊತ್ತಿ ಬಳಕೆಯ ವಸ್ತುಗಳನ್ನು ಕೈಯಿಂದಲೇ ತಯಾರಿಸುವ ಕೆಲಸ. ಹಣದ ಚೀಲ, ಸೊಂಟದ ಪಟ್ಟಿ, ಪುಸ್ತಕದ ಹೊದಿಕೆ, ಕೀಲಿಕೈ ಪಟ್ಟಿ, ಚಾಕುವಿನ ಒರೆ ಮೊದಲಾದವು ಹವ್ಯಾಸಿಗಳು ಸಾಮಾನ್ಯವಾಗಿ ತಯಾರಿಸುವ ವಸ್ತುಗಳು. ಈ ಕೆಲಸಕ್ಕೆ ಬೇಕಾದ ಉಪಕರಣಗಳಲ್ಲಿ ಬಹುಪಾಲನ್ನು ಕೆಲಸಗಾರರು ಸ್ವತಃ ತಯಾರಿಸಿಕೊಳ್ಳಬಹುದು ಎಂಬುದು ಇದರ ಒಂದು ವಿಶೇಷ. ಚರ್ಮವು ಮರ ಮತ್ತು ಲೋಹಗಳಿಗಿಂತ ಮೆದುವಾದ ವಸ್ತುವಾದ್ದರಿಂದ ಮೊಳೆ, ಹಳೆಯ ಅರ, ಗರಗಸದ ಅಲಗು, ಮರದ ತುಂಡುಗಳಂತಹ ಸುಲಭವಾಗಿ ಸಿಗುವ ಸಾಮಗ್ರಿಗಳಿಂದಲೇ ಉಪಯುಕ್ತ ಉಪಕರಣಗಳನ್ನು ರೂಪಿಸಲು ಸಾಧ್ಯ. ಕೊಂಡುತಂದ ಉಪಕರಣವೂ ಕಾಲಕಾಲಕ್ಕೆ ಸಾಣೆ ಹಿಡಿಯದಿದ್ದರೆ ಕೆಲಸಕ್ಕೆ ಬಾರದಾಗುತ್ತದೆ. ಆದ್ದರಿಂದ ಉಪಕರಣ ತಯಾರಿಕೆಯಿಂದ ದೊರೆಯುವ ಉಕ್ಕು ಮತ್ತು ಅಲಗಿನ ತಿಳಿವಳಿಕೆಯು ಚರ್ಮಗೆಲಸದ ಕಲಿಕೆಯ ಭಾಗವೇ ಆಗಿದೆ.

ಹಿನ್ನೆಲೆ

ಚರ್ಮದ ಕೆಲಸವು ಮಾನವನ ಅತ್ಯಂತ ಹಳೆಯ ಕಸುಬುಗಳಲ್ಲಿ ಒಂದು. ಯಂತ್ರಯುಗಕ್ಕೆ ಮೊದಲು ಚರ್ಮಗಾರರು ತಮ್ಮ ಉಪಕರಣಗಳನ್ನು ಸ್ಥಳೀಯ ಕಮ್ಮಾರರಿಂದ ಮಾಡಿಸಿಕೊಳ್ಳುತ್ತಿದ್ದರು ಅಥವಾ ತಾವೇ ಮಾಡಿಕೊಳ್ಳುತ್ತಿದ್ದರು. 19ನೆಯ ಶತಮಾನದಲ್ಲಿ ಕುದುರೆಯ ಜೀನು ಮತ್ತು ಸಾರೋಟಿನ ಸಜ್ಜುಗಳ ಬೇಡಿಕೆ ಹೆಚ್ಚಿದಂತೆ ಚರ್ಮಗೆಲಸದ ಉಪಕರಣಗಳನ್ನೇ ತಯಾರಿಸುವ ಕಾರ್ಖಾನೆಗಳು ಯೂರೋಪು ಮತ್ತು ಅಮೆರಿಕಗಳಲ್ಲಿ ಬೆಳೆದವು. ಜೀನು ತಯಾರಿಕೆಗೆ ಹೆಸರಾದ ಇಂಗ್ಲೆಂಡಿನ ವಾಲ್ಸಾಲ್ ಪಟ್ಟಣವು ಇವುಗಳ ಒಂದು ಪ್ರಮುಖ ಕೇಂದ್ರವಾಗಿತ್ತು.

ಚರ್ಮಗೆಲಸವು ಕಸುಬಿನಿಂದ ಬೇರೆಯಾಗಿ ಹವ್ಯಾಸವಾಗಿ ಹರಡಿದ್ದು ಹೆಚ್ಚಾಗಿ 20ನೆಯ ಶತಮಾನದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಗಾಯಾಳು ಸೈನಿಕರ ಪುನಶ್ಚೇತನ ಚಿಕಿತ್ಸೆಯ ಭಾಗವಾಗಿ ಚರ್ಮಗೆಲಸವನ್ನು ಕಲಿಸಲಾಯಿತು. ಯುದ್ಧಾನಂತರ ಟೆಕ್ಸಾಸಿನ ಟ್ಯಾಂಡಿ ಸಂಸ್ಥೆಯು ಹವ್ಯಾಸಿಗಳಿಗಾಗಿ ಚರ್ಮ ಮತ್ತು ಉಪಕರಣಗಳ ಮಾರಾಟವನ್ನು ವಿಸ್ತರಿಸಿತು. ಅಮೆರಿಕದ ಕುಶಲಕರ್ಮಿ ಆಲ್ ಸ್ಟೋಲ್ಮನ್ (1919–1998) ಬರೆದ ಸಚಿತ್ರ ಕೈಪಿಡಿಗಳು ಹವ್ಯಾಸಿಗಳ ನಡುವೆ ವ್ಯಾಪಕವಾಗಿ ಬಳಕೆಗೆ ಬಂದವು. ಚರ್ಮದ ಕೆತ್ತನೆ, ಕೈಹೊಲಿಗೆ ಹಾಗೂ ಪೆಟ್ಟಿಗೆ ತಯಾರಿಕೆಯನ್ನು ಅವರು ಹಂತ ಹಂತವಾಗಿ ಚಿತ್ರಿಸಿ ವಿವರಿಸಿದರು. ಇಂಗ್ಲೆಂಡಿನಲ್ಲಿ ಜಾನ್ ವಾಟರರ್ ಮೊದಲಾದವರ ಪ್ರಯತ್ನದಿಂದ 1946ರಲ್ಲಿ ಚರ್ಮಕಲೆಯ ವಸ್ತುಸಂಗ್ರಹಾಲಯವು ಸ್ಥಾಪನೆಯಾಯಿತು.

ಚರ್ಮದ ವಿಧಗಳು

ಹವ್ಯಾಸಿಗಳು ಬಳಸುವ ಚರ್ಮವನ್ನು ಹದಮಾಡುವ ವಿಧಾನಕ್ಕೆ ಅನುಗುಣವಾಗಿ ಮುಖ್ಯವಾಗಿ ಎರಡು ಬಗೆಯಾಗಿ ವಿಂಗಡಿಸಲಾಗುತ್ತದೆ.

ಸಸ್ಯಹದದ ಚರ್ಮ: ಮರದ ತೊಗಟೆ, ಕಾಯಿ, ಎಲೆಗಳಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥದಿಂದ ಹದಮಾಡಿದ ಚರ್ಮ. ದಕ್ಷಿಣ ಭಾರತದಲ್ಲಿ ತಂಗಡಿ ತೊಗಟೆ, ಜಾಲಿ ತೊಗಟೆ ಮತ್ತು ಅಳಲೆಕಾಯಿಗಳನ್ನು ಇದಕ್ಕೆ ಬಳಸುವ ವಾಡಿಕೆ ಇದೆ. ಸಾಂಪ್ರದಾಯಿಕ ವಿಧಾನದಲ್ಲಿ ಈ ಹದಕ್ಕೆ ಹಲವು ವಾರಗಳು ಹಿಡಿಯುತ್ತವೆ. ಇಂತಹ ಚರ್ಮವು ನೀರು ಹೀರಿಕೊಂಡಾಗ ಮೆತ್ತಗಾಗಿ, ಒತ್ತಿದ ಆಕಾರವನ್ನು ಒಣಗಿದ ಮೇಲೂ ಉಳಿಸಿಕೊಳ್ಳುತ್ತದೆ. ಆದ್ದರಿಂದ ಕೆತ್ತನೆ, ಅಚ್ಚೊತ್ತುವಿಕೆ ಮತ್ತು ಅಚ್ಚಿನಲ್ಲಿ ರೂಪಿಸುವ ಕೆಲಸಗಳಿಗೆ ಇದೇ ಬೇಕು.

ಕ್ರೋಮ್ ಹದದ ಚರ್ಮ: ಕ್ರೋಮಿಯಂ ಲವಣಗಳಿಂದ ಹದಮಾಡಿದ ಚರ್ಮ. ಇದರ ಹದ ಬಹುಬೇಗ ಮುಗಿಯುತ್ತದೆ. ಚರ್ಮವು ಮೃದುವಾಗಿ, ಬಾಗುವಂತಿದ್ದು, ನೀರು ಮತ್ತು ಶಾಖವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ಇದು ಅಚ್ಚನ್ನು ಉಳಿಸಿಕೊಳ್ಳುವುದಿಲ್ಲ ಮತ್ತು ಇದರ ಅಂಚನ್ನು ಉಜ್ಜಿ ನಯಗೊಳಿಸುವುದು ಕಷ್ಟ. ಮಾರುಕಟ್ಟೆಯಲ್ಲಿ ಸಿಗುವ ಬಟ್ಟೆ, ಕೈಚೀಲ ಮತ್ತು ಪಾದರಕ್ಷೆಗಳ ಮೇಲ್ಭಾಗದ ಚರ್ಮಗಳಲ್ಲಿ ಹೆಚ್ಚಿನವು ಈ ಬಗೆಯವು.

ಹಣದ ಚೀಲಕ್ಕೆ ಸುಮಾರು 1ರಿಂದ 1.5 ಮಿಲಿಮೀಟರ್, ಸೊಂಟದ ಪಟ್ಟಿಗೆ 3ರಿಂದ 4 ಮಿಲಿಮೀಟರ್ ದಪ್ಪದ ಚರ್ಮ ಸೂಕ್ತ. ಅಮೆರಿಕದ ಪುಸ್ತಕಗಳಲ್ಲಿ ದಪ್ಪವನ್ನು ಔನ್ಸ್‌ಗಳಲ್ಲಿ ಹೇಳುವ ರೂಢಿ ಇದ್ದು, ಒಂದು ಔನ್ಸ್ ಎಂದರೆ ಅಂಗುಲದ 64ನೆಯ ಒಂದು ಭಾಗ, ಅಂದರೆ ಸುಮಾರು 0.4 ಮಿಲಿಮೀಟರ್.

ಮುಖ್ಯ ಉಪಕರಣಗಳು

ಚರ್ಮಗೆಲಸದ ಕ್ರಿಯೆಗಳನ್ನು ಕತ್ತರಿಸುವುದು, ಹೆರೆಯುವುದು, ತೂತು ಮಾಡುವುದು, ಹೊಲಿಯುವುದು, ಅಚ್ಚೊತ್ತುವುದು ಮತ್ತು ಅಂಚನ್ನು ನಯಗೊಳಿಸುವುದು ಎಂದು ವಿಂಗಡಿಸಬಹುದು. ಇವುಗಳಿಗೆ ಬೇಕಾದ ಉಪಕರಣಗಳು ಹೀಗಿವೆ.

ರಂಪಿಗೆ: ಚರ್ಮವನ್ನು ಕತ್ತರಿಸಲು ಮತ್ತು ಹೆರೆಯಲು ಚಮ್ಮಾರರು ಬಳಸುವ ಚಪ್ಪಟೆಯಾದ, ಅಗಲ ಅಲಗಿನ ಕತ್ತಿ. ಹೊಲಿಗೆ ಅಥವಾ ಮಡಿಕೆ ಬರುವ ಕಡೆ ಚರ್ಮವನ್ನು ತೆಳುವಾಗಿಸುವುದಕ್ಕೆ ಹೆರೆಯುವುದು ಎನ್ನುತ್ತಾರೆ.

ಉಳಿ: ಹೊಲಿಗೆಗಾಗಿ ತೂತು ಚುಚ್ಚುವ ಮೊನಚಾದ ಉಪಕರಣ. ಬಡಗಿಯ ಉಳಿಯಂತೆ ಇದು ಅಗಲವಾದ ಅಲಗುಳ್ಳದ್ದಲ್ಲ. ಕೈಹೊಲಿಗೆಗೆ ಬಳಸುವ ಉಳಿಯ ಅಡ್ಡಕೊಯ್ತವು ವಜ್ರಾಕೃತಿಯಲ್ಲಿರುತ್ತದೆ.

ಪಂಚ್: ಸೊಂಟದ ಪಟ್ಟಿಯ ರಂಧ್ರ ಮತ್ತು ಗುಂಡಿಗಳಿಗಾಗಿ ಚರ್ಮದ ಬಿಲ್ಲೆಯನ್ನೇ ಕತ್ತರಿಸಿ ತೆಗೆಯುವ ಟೊಳ್ಳು ಕೊಳವೆಯಾಕಾರದ ಉಪಕರಣ.

ಅಚ್ಚು: ಒದ್ದೆ ಮಾಡಿದ ಸಸ್ಯಹದದ ಚರ್ಮದ ಮೇಲಿಟ್ಟು ಹೊಡೆದು ವಿನ್ಯಾಸ ಮೂಡಿಸುವ ಲೋಹದ ಕಡ್ಡಿ.

ಕೊಡತಿ: ಪಂಚ್ ಮತ್ತು ಅಚ್ಚುಗಳನ್ನು ಹೊಡೆಯಲು ಮರ, ನೈಲಾನ್ ಅಥವಾ ಹಸಿಚರ್ಮದ ಸುತ್ತಿಗೆ. ಉಕ್ಕಿನ ಸುತ್ತಿಗೆಯಿಂದ ಹೊಡೆದರೆ ಉಪಕರಣದ ತಲೆ ಅಣಬೆಯಂತೆ ಹರಡಿ ಹಾಳಾಗುತ್ತದೆ.

ಅಂಚು ಉಜ್ಜುವ ಕಡ್ಡಿ: ಕತ್ತರಿಸಿದ ಅಂಚನ್ನು ಉಜ್ಜಿ ಹೊಳಪುಗೊಳಿಸುವ, ಗಾಡಿ ಕೊರೆದ ಮರದ ಕಡ್ಡಿ.

ಹೊಲಿಗೆಯ ಇಕ್ಕಳ: ಎರಡೂ ಕೈಗಳು ಹೊಲಿಗೆಗೆ ಬಿಡುವಾಗಿರುವಂತೆ ಚರ್ಮವನ್ನು ಹಿಡಿದುಕೊಳ್ಳುವ ಮರದ ಸಾಧನ.

ಉಪಕರಣಗಳ ತಯಾರಿಕೆ

ಉಕ್ಕಿನ ಆಯ್ಕೆ

ಮನೆಯಲ್ಲಿ ಉಪಕರಣ ತಯಾರಿಸುವಾಗ ಮೊದಲು ತಿಳಿಯಬೇಕಾದದ್ದು ಯಾವ ಕೆಲಸಕ್ಕೆ ಎಂತಹ ಉಕ್ಕು ಬೇಕು ಎಂಬುದು. ಉಕ್ಕು ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದಾಗ ಗಡುಸಾಗಬೇಕಾದರೆ ಅದರಲ್ಲಿ ಸಾಕಷ್ಟು ಇಂಗಾಲವಿರಬೇಕು. ಅಲಗಿನ ಉಪಕರಣಗಳಿಗೆ ಸುಮಾರು ಶೇಕಡ 0.6ಕ್ಕಿಂತ ಹೆಚ್ಚು ಇಂಗಾಲವುಳ್ಳ ಉಕ್ಕು ಬೇಕಾಗುತ್ತದೆ. ಸಾಮಾನ್ಯ ಮೊಳೆಗಳು ಕಡಿಮೆ ಇಂಗಾಲದ ಮೆದು ಉಕ್ಕಿನವು. ಎಷ್ಟು ಬಾರಿ ಕಾಯಿಸಿ ತಣಿಸಿದರೂ ಅವು ಕತ್ತಿಯಷ್ಟು ಗಡುಸಾಗುವುದಿಲ್ಲ. ಒದ್ದೆ ಚರ್ಮದ ಮೇಲೆ ಗುರುತು ಮೂಡಿಸುವುದಷ್ಟೇ ಅಚ್ಚಿನ ಕೆಲಸವಾದ್ದರಿಂದ ಅದಕ್ಕೆ ಮೊಳೆಯೇ ಸಾಕು. ಕತ್ತರಿಸುವ ಅಲಗಿಗೆ ಹಳೆಯ ಅರ ಅಥವಾ ಗರಗಸದ ಅಲಗು ಬೇಕು.

ಹಳೆಯ ಒಳ್ಳೆಯ ಅರಗಳಲ್ಲಿ ಇಂಗಾಲದ ಪ್ರಮಾಣ ಶೇಕಡ 1ಕ್ಕಿಂತ ಹೆಚ್ಚಿರುವುದರಿಂದ ಅವು ರಂಪಿಗೆಗೆ ಉತ್ತಮ ಸಾಮಗ್ರಿ. ಅಗ್ಗದ ಕೆಲವು ಅರಗಳಲ್ಲಿ ಮೇಲ್ಪದರ ಮಾತ್ರ ಗಡುಸಾಗಿದ್ದು ಒಳಗೆ ಮೆದು ಉಕ್ಕಿರುತ್ತದೆ. ಅವುಗಳಿಂದ ಮಾಡಿದ ಅಲಗು ಸಾಣೆ ಹಿಡಿದಂತೆಲ್ಲ ಮೊಂಡಾಗುತ್ತದೆ.

ಗಡುಸು ಮತ್ತು ಹದ

ಅರದಂತಹ ಗಡುಸು ಉಕ್ಕನ್ನು ರೂಪಿಸಲು ಮೂರು ಹಂತಗಳಿವೆ. ಮೊದಲ ಹಂತದಲ್ಲಿ ಉಕ್ಕನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಲಾಗುತ್ತದೆ. ಆಗ ಅದು ಮೆತ್ತಗಾಗಿ, ಗರಗಸ ಮತ್ತು ಬೇರೊಂದು ಅರದಿಂದ ಬೇಕಾದ ಆಕಾರಕ್ಕೆ ತರಬಹುದು. ಎರಡನೆಯ ಹಂತದಲ್ಲಿ ಅಲಗಿನ ಭಾಗವನ್ನು ಮತ್ತೆ ಕಾಯಿಸಲಾಗುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಉಷ್ಣಮಾಪಕವಿಲ್ಲದವರಿಗೆ ಇದೇ ನಂಬಬಹುದಾದ ಗುರುತು. ಅದಕ್ಕಿಂತ ಸ್ವಲ್ಪ ಹೆಚ್ಚು ಕಾಯಿಸಿ, ಉಗುರುಬೆಚ್ಚಗಿನ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಡುಸಾಗುತ್ತದೆ. ಗಡುಸಾದ ಉಕ್ಕಿನ ಮೇಲೆ ಅರ ಎಳೆದರೆ ಅದು ಕಚ್ಚದೆ ಜಾರುತ್ತದೆ.

ಈ ಸ್ಥಿತಿಯಲ್ಲಿ ಉಕ್ಕು ಗಾಜಿನಂತೆ ಬಿರುಸಾಗಿದ್ದು, ಕೆಳಗೆ ಬಿದ್ದರೆ ಒಡೆಯಬಹುದು. ಆದ್ದರಿಂದ ಮೂರನೆಯ ಹಂತದಲ್ಲಿ ಅದನ್ನು ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಹದವಾಗಿ ಕಾಯಿಸಲಾಗುತ್ತದೆ. ಕಾಯುತ್ತ ಹೋದಂತೆ ಮೇಲ್ಮೈಯಲ್ಲಿ ಬಣ್ಣಗಳು ಮೂಡುತ್ತವೆ. ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ತಿಳಿಹಳದಿ, 260 ಡಿಗ್ರಿಯ ಆಸುಪಾಸಿನಲ್ಲಿ ಕಂದು, 300 ಡಿಗ್ರಿಯ ಹೊತ್ತಿಗೆ ನೀಲಿ ಬಣ್ಣ ಕಾಣುತ್ತದೆ. ರಂಪಿಗೆಯ ಅಲಗಿಗೆ ಹಳದಿ, ಬಾಗುವ ಒತ್ತಡ ತಾಳಬೇಕಾದ ಉಳಿಗೆ ಕಂದು ಬಣ್ಣದವರೆಗೆ ಕಾಯಿಸುವುದು ರೂಢಿ. ಕುಲುಮೆಯ ಕೆಲಸಗಾರರು ತಲೆಮಾರುಗಳಿಂದ ಕಣ್ಣಳತೆಯಲ್ಲಿ ನೋಡುವ ಹದ ಇದೇ.

ರಂಪಿಗೆ

ಕುಲುಮೆಯ ಸೌಲಭ್ಯವಿಲ್ಲದವರು ಕಾರ್ಯಾಗಾರಗಳಲ್ಲಿ ಲೋಹ ಕತ್ತರಿಸುವ ಯಂತ್ರಗರಗಸದ ಹಳೆಯ ಅಲಗನ್ನು ಬಳಸುತ್ತಾರೆ. ಪೂರ್ತಿಯಾಗಿ ಹೈಸ್ಪೀಡ್ ಉಕ್ಕಿನಿಂದ ಮಾಡಿದ ಅಲಗಾದರೆ ಅದು ಮೊದಲೇ ಗಡುಸಾಗಿರುವುದರಿಂದ ಮತ್ತೆ ಕಾಯಿಸಿ ಹದಮಾಡುವ ಅಗತ್ಯವಿಲ್ಲ. ಅದನ್ನು ಬೇಕಾದ ಉದ್ದಕ್ಕೆ ತುಂಡರಿಸಿ, ಹಲ್ಲುಗಳನ್ನು ಸಾಣೆಚಕ್ರದಲ್ಲಿ ತೆಗೆದು, ತುದಿಯನ್ನು ಓರೆಯಾಗಿ ಸವೆಸಿ, ಹಿಡಿಗೆ ಚರ್ಮದ ಪಟ್ಟಿ ಸುತ್ತಿದರೆ ಹೆರೆಯುವ ಕತ್ತಿ ಸಿದ್ಧವಾಗುತ್ತದೆ. ಅರದಿಂದ ಮಾಡಿದ ಅಲಗನ್ನಾದರೆ ಸಾಣೆಚಕ್ರದಲ್ಲಿ ಹಿಡಿಯುವಾಗ ಕೆಲವು ಕ್ಷಣಗಳಿಗೊಮ್ಮೆ ನೀರಿನಲ್ಲಿ ಅದ್ದಬೇಕು. ಅಂಚು ನೀಲಿಯಾದರೆ ಅಲ್ಲಿನ ಗಡುಸು ಕಳೆದುಹೋಗಿದೆ ಎಂದರ್ಥ.

ಸಾಣೆಕಲ್ಲಿನಲ್ಲಿ ಹರಿತಗೊಳಿಸಿದ ಮೇಲೆ, ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿಗೆ ಹೊಳಪಿನ ಪುಡಿ ಬಳಿದು ಅಲಗನ್ನು ಹಿಮ್ಮುಖವಾಗಿ ಎಳೆಯಲಾಗುತ್ತದೆ. ಕೆಲಸದ ನಡುವೆ ಆಗಾಗ ಹೀಗೆ ಮಾಡಿದರೆ ಸಾಣೆಕಲ್ಲಿನ ಅಗತ್ಯ ಕಡಿಮೆಯಾಗುತ್ತದೆ.

ಉಳಿ

ಸಣ್ಣ ಸ್ಕ್ರೂಡ್ರೈವರಿನ ಕಡ್ಡಿಯನ್ನು ವಜ್ರಾಕೃತಿಗೆ ಸವೆಸಿ ಉಳಿಯನ್ನು ತಯಾರಿಸಬಹುದು. ಇದರ ನಾಲ್ಕು ಮುಖಗಳನ್ನೂ ನುಣುಪಾದ ಉಜ್ಜುಕಾಗದದಿಂದ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜುವುದು ಅಗತ್ಯ. ಒರಟು ಉಳಿಯು ತುದಿ ಮೊನಚಾಗಿದ್ದರೂ ಚರ್ಮದೊಳಗೆ ಸಿಕ್ಕಿಕೊಳ್ಳುತ್ತದೆ. ಚುಚ್ಚುವ ಮೊದಲು ತುದಿಯನ್ನು ಜೇನುಮೇಣಕ್ಕೆ ತಾಗಿಸುವ ರೂಢಿಯೂ ಇದೆ.

ಅಚ್ಚು

ನಾಲ್ಕರಿಂದ ಆರು ಅಂಗುಲದ ಮೊಳೆ ಅಥವಾ ಬೋಲ್ಟಿನ ತುದಿಯನ್ನು ಸಮತಟ್ಟಾಗಿಸಿ, ಸಣ್ಣ ಅರಗಳಿಂದ ಎಲೆ, ಚಂದ್ರಾಕೃತಿ, ಚೌಕಳಿ, ಚುಕ್ಕೆ ಮೊದಲಾದ ವಿನ್ಯಾಸಗಳನ್ನು ಕೊರೆಯಲಾಗುತ್ತದೆ. ಅಚ್ಚಿನ ಹೊರ ಅಂಚು ಸ್ವಲ್ಪ ದುಂಡಗಿರಬೇಕು. ಇಲ್ಲವಾದರೆ ಅದು ಚರ್ಮವನ್ನು ಒತ್ತುವ ಬದಲು ಕತ್ತರಿಸುತ್ತದೆ. ಚರ್ಮವನ್ನು ಒದ್ದೆ ಮಾಡಿ, ಅದರ ಮೂಲ ಬಣ್ಣ ಮರಳಿ ಬರತೊಡಗಿದಾಗ ಆದರೆ ಒಳಗೆ ಇನ್ನೂ ತೇವವಿರುವಾಗ ಅಚ್ಚೊತ್ತಿದರೆ ವಿನ್ಯಾಸ ಸ್ಪಷ್ಟವಾಗಿ ಮೂಡುತ್ತದೆ. ಅಡಿಯಲ್ಲಿ ಕಲ್ಲಿನ ಚಪ್ಪಡಿ ಇರಬೇಕು. ಅಡುಗೆಮನೆಯ ಕಟ್ಟೆಗೆ ಹಾಸಿ ಉಳಿದ ಗ್ರಾನೈಟ್ ತುಂಡು ಇದಕ್ಕೆ ಸಾಕು.

ಮನೆಯಲ್ಲಿ ಮಾಡಿದ ಕಬ್ಬಿಣದ ಅಚ್ಚುಗಳ ಬಳಕೆಯಲ್ಲಿ ಒಂದು ತೊಡಕಿದೆ. ಸಸ್ಯಹದದ ಚರ್ಮದಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿದಾಗ ಕಪ್ಪು ಬಣ್ಣದ ಸಂಯುಕ್ತ ಉಂಟಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಕಪ್ಪು ಶಾಯಿ ಹಾಗೂ ಬಟ್ಟೆಯ ಬಣ್ಣವನ್ನು ತಯಾರಿಸುವುದು ಇದೇ ಗುಣದ ಆಧಾರದ ಮೇಲೆ. ಅರದ ಪುಡಿಯ ಒಂದು ಕಣ ಒದ್ದೆ ಚರ್ಮದ ಮೇಲೆ ಬಿದ್ದರೂ ಕಪ್ಪು ಚುಕ್ಕೆ ಉಳಿಯುತ್ತದೆ. ಆದ್ದರಿಂದ ಉಪಕರಣ ತಯಾರಿಸುವ ಜಾಗ ಮತ್ತು ಚರ್ಮಗೆಲಸದ ಜಾಗವನ್ನು ಬೇರೆಯಾಗಿಡುವುದು, ಅಚ್ಚುಗಳನ್ನು ಒರೆಸಿ ಮೇಣ ಸವರಿಡುವುದು ಸೂಕ್ತ.

ಪಂಚ್

ಉಕ್ಕಿನ ಸಣ್ಣ ಕೊಳವೆಯ ತುದಿಯನ್ನು ಹೊರಗಿನಿಂದ ಓರೆಯಾಗಿ ಸವೆಸಿ ಪಂಚ್ ಮಾಡಬಹುದು. ಓರೆಯನ್ನು ಒಳಗಿನಿಂದ ಕೊಟ್ಟರೆ ರಂಧ್ರವು ಕೊಳವೆಯ ಹೊರ ಅಳತೆಯಷ್ಟಾಗಿ, ಬಿಲ್ಲೆಗಳು ಒಳಗೆ ಬಿಗಿದುಕೊಳ್ಳುತ್ತವೆ. ಕೊಳವೆಯ ಪಕ್ಕದಲ್ಲಿ ಒಂದು ಕಿಂಡಿ ಕೊರೆದರೆ ಕತ್ತರಿಸಿದ ಬಿಲ್ಲೆಗಳನ್ನು ಹೊರತೆಗೆಯುವುದು ಸುಲಭ. ಹೊಡೆಯುವಾಗ ಅಡಿಯಲ್ಲಿ ಕಲ್ಲನ್ನು ಇಡಬಾರದು. ಹುಣಸೆ ಕೊರಡಿನ ಅಡ್ಡಕೊಯ್ತದ ಮುಖದ ಮೇಲಿಟ್ಟು ಹೊಡೆದರೆ ಪಂಚಿನ ಬಾಯಿ ಮೊಂಡಾಗುವುದಿಲ್ಲ.

ಮರದ ಉಪಕರಣಗಳು

ತೇಗ, ಬೀಟೆ, ಹುಣಸೆ ಮೊದಲಾದ ಗಟ್ಟಿ ಮರದ ತುಂಡಿನಲ್ಲಿ ದುಂಡನೆಯ ಅರದಿಂದ ವಿವಿಧ ಅಗಲದ ಗಾಡಿಗಳನ್ನು ಕೊರೆದು ನುಣುಪಾಗಿಸಿದರೆ ಅಂಚು ಉಜ್ಜುವ ಕಡ್ಡಿಯಾಗುತ್ತದೆ. ಅಂಚಿಗೆ ತುಸು ನೀರು ಅಥವಾ ಅಂಟು ಸವರಿ ರಭಸದಿಂದ ಉಜ್ಜಿದಾಗ ಘರ್ಷಣೆಯ ಶಾಖಕ್ಕೆ ಚರ್ಮದ ನಾರುಗಳು ಒಂದಕ್ಕೊಂದು ಒತ್ತಿಕೊಂಡು ಅಂಚು ಹೊಳೆಯುತ್ತದೆ.

ಹೊಲಿಗೆಯ ಇಕ್ಕಳಕ್ಕೆ ಎರಡು ಮರದ ಪಟ್ಟಿ, ಒಂದು ಕೀಲು ಮತ್ತು ರೆಕ್ಕೆತಿರುಪಿನ ಒಂದು ಬೋಲ್ಟು ಸಾಕು. ಚರ್ಮಕ್ಕೆ ಗುರುತು ಬೀಳದಂತೆ ಅದರ ದವಡೆಗಳಿಗೆ ಮೆದು ಚರ್ಮವನ್ನು ಅಂಟಿಸಲಾಗುತ್ತದೆ. ಶಾಲಾ ಮಕ್ಕಳ ಕಂಪಾಸು ಪೆಟ್ಟಿಗೆಯ ಡಿವೈಡರ್ ಅಂಚಿನಿಂದ ಸಮಾನ ದೂರದಲ್ಲಿ ಹೊಲಿಗೆಯ ಗೆರೆ ಎಳೆಯಲು, ಊಟದ ಫೋರ್ಕ್ ಸಮ ಅಂತರದ ಚುಕ್ಕೆಗಳನ್ನು ಗುರುತಿಸಲು ನೆರವಾಗುತ್ತವೆ.

ಕೈಹೊಲಿಗೆ

ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಜೀನುಗಾರರ ಹೊಲಿಗೆ. ಒಂದೇ ದಾರದ ಎರಡು ತುದಿಗಳಿಗೂ ಮೊಂಡು ಮೊನೆಯ ಸೂಜಿಗಳನ್ನು ಕಟ್ಟಿ, ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ ಸೂಜಿಗಳನ್ನು ದಾಟಿಸಿ ಬಿಗಿಯಲಾಗುತ್ತದೆ. ಹೊಲಿಗೆ ಯಂತ್ರದಲ್ಲಿ ಮೇಲಿನ ಮತ್ತು ಕೆಳಗಿನ ದಾರಗಳು ಚರ್ಮದ ನಡುವೆ ಕೊಂಡಿಯಂತೆ ಸೇರುತ್ತವೆ. ಒಂದು ಕಡೆ ದಾರ ಸವೆದು ಹರಿದರೆ ಅಕ್ಕಪಕ್ಕದ ಹೊಲಿಗೆಗಳೂ ಸಡಿಲಗೊಳ್ಳುತ್ತವೆ. ಜೀನುಗಾರರ ಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಎಳೆಯು ಅದೇ ತೂತುಗಳ ಮೂಲಕ ಹಾದುಹೋಗಿರುವುದರಿಂದ ಹೊಲಿಗೆ ನಿಲ್ಲುತ್ತದೆ. ಇದಕ್ಕೆ ಹೊಲಿಗೆಯ ಉದ್ದದ ಸುಮಾರು ನಾಲ್ಕು ಪಟ್ಟು ದಾರ ಬೇಕಾಗುತ್ತದೆ. ಜೇನುಮೇಣ ಸವರಿದ ನಾರಗಸೆಯ ಅಥವಾ ಪಾಲಿಯೆಸ್ಟರ್ ದಾರವನ್ನು ಬಳಸಲಾಗುತ್ತದೆ.

ಕರ್ನಾಟಕದಲ್ಲಿ ಚರ್ಮಗೆಲಸ

ಕರ್ನಾಟಕದಲ್ಲಿ ಚರ್ಮವನ್ನು ಹದಮಾಡುವ ಮತ್ತು ಚರ್ಮದ ವಸ್ತುಗಳನ್ನು ತಯಾರಿಸುವ ಕೆಲಸವು ಮಾದಿಗ, ಸಮಗಾರ, ಡೋಹರ, ಮೋಚಿ ಮೊದಲಾದ ಸಮುದಾಯಗಳ ವಂಶಪಾರಂಪರ್ಯ ಕಸುಬಾಗಿತ್ತು. ಪಾದರಕ್ಷೆ, ಎತ್ತಿನ ಕೊರಳಪಟ್ಟಿ, ಮಿಣಿ, ಬಾರುಕೋಲು, ಕಪಿಲೆಯಲ್ಲಿ ಬಾವಿಯಿಂದ ನೀರೆತ್ತುವ ಚರ್ಮದ ಚೀಲ, ಕಮ್ಮಾರನ ತಿದಿ, ತಮಟೆ ಇವೆಲ್ಲ ಚರ್ಮದವೇ ಆದ್ದರಿಂದ ಹಳ್ಳಿಯ ಬೇಸಾಯ ಮತ್ತು ಇತರ ಕಸುಬುಗಳು ಈ ಕೆಲಸವನ್ನು ಅವಲಂಬಿಸಿದ್ದವು. ಹೀಗಿದ್ದರೂ ಚರ್ಮವನ್ನು ಮುಟ್ಟುವವರು ಅಪವಿತ್ರರೆಂಬ ಭಾವನೆಯಿಂದ ಈ ಸಮುದಾಯಗಳು ಅಸ್ಪೃಶ್ಯತೆಗೆ ಗುರಿಯಾದವು. ಭಾರತದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. ಕೆಲವರಿಗೆ ಬಿಡುವಿನ ವೇಳೆಯ ಆಯ್ಕೆಯಾಗಿರುವ ಇದೇ ಕೆಲಸವು ಇನ್ನು ಕೆಲವರಿಗೆ ಹುಟ್ಟಿನಿಂದ ಹೊರಿಸಲ್ಪಟ್ಟದ್ದಾಗಿತ್ತು ಎಂಬ ವ್ಯತ್ಯಾಸವು ಈ ಕಸುಬಿನ ಇತಿಹಾಸದಲ್ಲಿ ಮುಖ್ಯವಾದದ್ದು.

12ನೆಯ ಶತಮಾನದ ಶರಣ ಚಳವಳಿಯಲ್ಲಿ ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಸಮಗಾರ ಹರಳಯ್ಯ ಮೊದಲಾದವರು ಗೌರವದ ಸ್ಥಾನ ಪಡೆದಿದ್ದರು. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿಯೇ ಉಳಿ, ಕತ್ತಿ, ಅಡಿಗೂಂಟ ಎಂಬ ಕಸುಬಿನ ಉಪಕರಣಗಳ ಹೆಸರುಗಳಿವೆ. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟರೆಂಬ ಕಥೆ ಶರಣ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ.

ತೊಗಲು ಗೊಂಬೆಯಾಟದ ಕಲಾವಿದರು ಆಡು ಮೊದಲಾದ ಪ್ರಾಣಿಗಳ ಚರ್ಮವನ್ನು ಪಾರದರ್ಶಕವಾಗುವಂತೆ ಸಿದ್ಧಪಡಿಸಿ, ಸಣ್ಣ ಉಳಿ ಮತ್ತು ಪಂಚ್‌ಗಳಿಂದ ಆಭರಣ ಹಾಗೂ ವಸ್ತ್ರಗಳ ವಿನ್ಯಾಸವನ್ನು ಕೊರೆಯುತ್ತಾರೆ. ಸಸ್ಯಹದದ ಚರ್ಮದಿಂದ ಕೈಯಲ್ಲೇ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ ಮತ್ತು ವಿಜಯಪುರ ಜಿಲ್ಲೆಗಳು ಈ ಮಾನ್ಯತೆಯ ವ್ಯಾಪ್ತಿಯಲ್ಲಿವೆ. ರಾಜ್ಯದ ಚರ್ಮ ಕುಶಲಕರ್ಮಿಗಳ ಅಭಿವೃದ್ಧಿಗಾಗಿ ಕರ್ನಾಟಕ ಸರ್ಕಾರದ ಲಿಡ್ಕರ್ ನಿಗಮವು ಕೆಲಸ ಮಾಡುತ್ತಿದೆ.

ಸುರಕ್ಷತೆ

ಸಾಣೆಚಕ್ರ ಬಳಸುವಾಗ ಮತ್ತು ಗಡುಸು ಉಕ್ಕನ್ನು ತುಂಡರಿಸುವಾಗ ಕಣ್ಣಿಗೆ ರಕ್ಷಣೆಯ ಕನ್ನಡಕ ಅಗತ್ಯ. ಸತುವಿನ ಲೇಪನವಿರುವ ಮೊಳೆ, ಕೊಳವೆಗಳನ್ನು ಕೆಂಪಗೆ ಕಾಯಿಸಬಾರದು. ಅವುಗಳಿಂದ ಏಳುವ ಹೊಗೆ ಜ್ವರ ಮತ್ತು ಉಸಿರಾಟದ ತೊಂದರೆಯನ್ನು ಉಂಟುಮಾಡುತ್ತದೆ. ಕಾದ ಉಕ್ಕನ್ನು ಅದ್ದುವ ಎಣ್ಣೆಗೆ ಬೆಂಕಿ ಹತ್ತಬಹುದಾದ್ದರಿಂದ ಅದನ್ನು ಲೋಹದ ಪಾತ್ರೆಯಲ್ಲಿಟ್ಟು, ಮುಚ್ಚಳವನ್ನು ಕೈಗೆಟುಕುವಂತೆ ಇಟ್ಟುಕೊಳ್ಳಬೇಕು. ಹೊತ್ತಿದ ಎಣ್ಣೆಗೆ ನೀರು ಸುರಿಯಬಾರದು.

ಚರ್ಮಕ್ಕೆ ಬಳಸುವ ರಬ್ಬರ್ ಅಂಟುಗಳಲ್ಲಿ ಟಾಲ್ಯುಯೀನ್, ಹೆಕ್ಸೇನ್‌ನಂತಹ ದ್ರಾವಕಗಳಿರುತ್ತವೆ. ಮುಚ್ಚಿದ ಕೋಣೆಯಲ್ಲಿ ಹೆಕ್ಸೇನ್ ಆವಿಯನ್ನು ದೀರ್ಘಕಾಲ ಉಸಿರಾಡಿದ ಪಾದರಕ್ಷೆ ಕೆಲಸಗಾರರಲ್ಲಿ ಕೈಕಾಲುಗಳ ನರಗಳಿಗೆ ಹಾನಿಯಾದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ. ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡುವುದು ಅಥವಾ ನೀರಿನ ಆಧಾರದ ಅಂಟು ಬಳಸುವುದು ಇದಕ್ಕೆ ಪರಿಹಾರ. ಕ್ರೋಮ್ ಹದದ ಚರ್ಮದ ತುಣುಕುಗಳನ್ನು ಸುಡಬಾರದು. ಸುಟ್ಟಾಗ ಕ್ರೋಮಿಯಂ ವಿಷಕಾರಿ ರೂಪಕ್ಕೆ ಬದಲಾಗಬಹುದು. ಕತ್ತರಿಸುವಾಗ ಚರ್ಮವನ್ನು ಹಿಡಿದ ಕೈ ಯಾವಾಗಲೂ ಅಲಗಿನ ದಾರಿಯಿಂದ ಹೊರಗಿರಬೇಕು. ಮೊಂಡು ಕತ್ತಿಗೆ ಹೆಚ್ಚು ಬಲ ಹಾಕಬೇಕಾಗಿ ಅದು ಜಾರುವ ಸಂಭವ ಹೆಚ್ಚು.

ಮಿತಿಗಳು

ಎಲ್ಲ ಉಪಕರಣಗಳನ್ನೂ ಮನೆಯಲ್ಲಿ ಮಾಡುವುದು ಲಾಭದಾಯಕವಲ್ಲ. ಅನೇಕ ಹಲ್ಲುಗಳನ್ನು ಒಂದೇ ಅಳತೆಯ ಅಂತರದಲ್ಲಿ ಮತ್ತು ಒಂದೇ ಓರೆಯಲ್ಲಿ ಕೊರೆಯಬೇಕಾದ ಹೊಲಿಗೆ ಗುರುತಿನ ಉಳಿ, ಸೂಕ್ಷ್ಮ ಗಾಡಿಯುಳ್ಳ ಅಂಚು ಹೆರೆಯುವ ಉಪಕರಣ ಇವು ಹೆಚ್ಚಿನ ನಿಖರತೆಯನ್ನು ಬೇಡುತ್ತವೆ. ಇವುಗಳನ್ನು ಕೊಂಡುಕೊಳ್ಳುವುದು ಸಾಮಾನ್ಯ. ಸೂಜಿಗಳನ್ನೂ ಯಾರೂ ಮನೆಯಲ್ಲಿ ಮಾಡುವುದಿಲ್ಲ. ಇಕ್ಕಳ, ಉಜ್ಜುವ ಕಡ್ಡಿ, ಅಚ್ಚು ಇವು ಹೊಸಬರು ಮೊದಲು ಕೈಹಾಕಬಹುದಾದವು. ಇವುಗಳಿಗೆ ಕುಲುಮೆ ಬೇಕಿಲ್ಲ. ನಂತರ ಉಳಿ, ಕೊನೆಗೆ ರಂಪಿಗೆ ಎಂಬ ಕ್ರಮವನ್ನು ಅನುಸರಿಸಿದರೆ ಉಕ್ಕಿನ ಹದದ ಪರಿಚಯ ಹಂತಹಂತವಾಗಿ ಆಗುತ್ತದೆ.

ಇವನ್ನೂ ನೋಡಿ

ಚರ್ಮ
ಚರ್ಮ ಹದಗಾರಿಕೆ
ತೊಗಲು ಗೊಂಬೆಯಾಟ
ಕೊಲ್ಹಾಪುರಿ ಚಪ್ಪಲಿ
ಮಾದಾರ ಚೆನ್ನಯ್ಯ
ಸಮಗಾರ ಹರಳಯ್ಯ